ಯಾರ ಗುಟ್ಟು?

ಸರ್ಕಾರದ ಗುಟ್ಟನ್ನೂ ಪ್ರಜೆಯ ಖಾಸಗಿತನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರನ್ನು ಕಂಡಾಗ ನನಗೆ ಸತ್ಯೇಂದ್ರ ದುಬೆ ನೆನಪಾಗುತ್ತಾರೆ. ಸುವರ್ಣ ಚತುಷ್ಪಥ ಹೆದ್ದಾರಿ ಯೋಜನೆಯ ಈ ಎಂಜಿನಿಯರ್ 2002ರಲ್ಲಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು. ತಮ್ಮ ಹೆಸರು ಗುಟ್ಟಾಗಿರಲಿ ಎಂದು ಕೋರಿದರು. ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗಾಗಿ ನಡೆದ ಕೊಲೆ ಎಂದಿತು ಸಿಬಿಐ. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು.

ಇರಬಹುದು. ಆದರೂ ಕೇಳುತ್ತೇನೆ: ಕಡತಗಳನ್ನು ದಶಕಗಟ್ಟಲೆ ಮುಚ್ಚಿಡಬಲ್ಲ ವ್ಯವಸ್ಥೆಗೆ ಒಂದು ಹೆಸರನ್ನು ಮುಚ್ಚಿಡಲು ಯಾಕೆ ಆಗಲಿಲ್ಲ? ಅಧಿಕಾರವಿಲ್ಲದವರಿಗೆ ಗುಟ್ಟೇ ರಕ್ಷಣೆ. ಅಧಿಕಾರಕ್ಕೆ ಅದು ಹಲವು ಸಲ ಬರೀ ಮರೆ. ದೂರುದಾರರನ್ನು ಕಾಯುವ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ವರ್ಷಗಳುರುಳಿದರೂ ಜಾರಿಯಾಗಲಿಲ್ಲ. ಗಡಿ, ಸೇನೆಯ ವಿಚಾರದಲ್ಲಿ ಸರ್ಕಾರಕ್ಕೆ ಗುಟ್ಟಿರಲಿ. ಆದರೆ ಅದು ಮೊದಲು ಕಾಯಬೇಕಾದದ್ದು, ತನ್ನನ್ನು ನಂಬಿ ಬರೆದವರ ಹೆಸರನ್ನು.