ಪುಕ್ಕಟೆ ಕೊಟ್ಟವರ ಋಣ

2021ರ ಡಿಸೆಂಬರ್ ತಿಂಗಳು. ಕೊರೋನಾ ದೆಸೆಯಿಂದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ. ನಮ್ಮ ಮಗನೂ ನಡುಮನೆಯ ಊಟದ ಮೇಜನ್ನೇ ಕಚೇರಿ ಮಾಡಿಕೊಂಡಿದ್ದ. ಆ ತಿಂಗಳ ಮಧ್ಯದಲ್ಲಿ ಮೂರು ರಾತ್ರಿ ಅವನು ಸರಿಯಾಗಿ ಮಲಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟಾಗ, "ಯಾರೋ ಜವಾಬ್ದಾರಿಯಿಲ್ಲದೆ ಬರೆದಿಟ್ಟಿದ್ದಾರೆ, ನಾವು ಅನುಭವಿಸ್ತಾ ಇದೀವಿ ಅಮ್ಮ" ಎಂದು ಸಿಡುಕಿದ.

"ಅವರಿಗೆ ನಿಮ್ಮ ಕಂಪನಿ ಎಷ್ಟು ಕೊಟ್ಟಿತ್ತೋ?" ಎಂದೆ. ವ್ಯಂಗ್ಯವೇನಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದು.

"ಏನೂ ಇಲ್ಲ. ಅದು ಪುಕ್ಕಟೆ."

ಪುಕ್ಕಟೆ ಪಡೆದದ್ದಕ್ಕೆ ಕೋಪ ಮಾಡಿಕೊಳ್ಳುವ ಹಕ್ಕು ನಮಗುಂಟೇ? ಅಂದು ತಲೆಗೆ ಹೊಕ್ಕ ಈ ಪ್ರಶ್ನೆ ಇನ್ನೂ ಇಳಿದಿಲ್ಲ.

ಮಗ ಕೆಲಸ ಮಾಡುವುದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಜೇಮ್ಸ್ ಗಾಸ್ಲಿಂಗ್ ಎಂಬವರೂ ಅವರ ಸಂಗಡಿಗರೂ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ರೂಪಿಸಿದ ಈ ಭಾಷೆ 1995ರಲ್ಲಿ ಹೊರಬಂತು. ಒಮ್ಮೆ ಬರೆದರೆ ಯಾವ ಕಂಪ್ಯೂಟರಿನಲ್ಲಾದರೂ ನಡೆಯಬೇಕೆಂಬುದು ಅದರ ಹೆಚ್ಚುಗಾರಿಕೆ. "ಹಳೇ ಕಾಲದ ಸರ್ಕಾರಿ ಅರ್ಜಿ ಇದ್ದ ಹಾಗೆ ಅಮ್ಮ, ಹೇಳೋದು ಒಂದು ಮಾತು, ಬರೆಯೋದು ಹತ್ತು ಸಾಲು. ಆದರೆ ನಂಬಬಹುದು" ಎನ್ನುತ್ತಾನೆ. 2006ರ ನವೆಂಬರಿನಲ್ಲಿ ಸನ್ ಕಂಪನಿ ಜಾವಾದ ಮೂಲವನ್ನೇ ಎಲ್ಲರಿಗೂ ತೆರೆದಿಡುವುದಾಗಿ ಸಾರಿತು. 2010ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡಿತು. 2019ರಿಂದ ಒರಾಕಲ್ ತನ್ನ ಜಾವಾದ ವ್ಯಾಪಾರಿ ಬಳಕೆದಾರರಿಂದ ಹೊಸ ತಿದ್ದುಪಡಿಗಳಿಗೆ ಹಣ ಕೇಳತೊಡಗಿತು. ಆದರೂ ತೆರೆದಿಟ್ಟ ಜಾವಾ ಇಂದಿಗೂ ಉಚಿತವಾಗಿಯೇ ಸಿಗುತ್ತದೆ. "ಯಜಮಾನ ಬದಲಾದರೂ ಒಮ್ಮೆ ಕೊಟ್ಟದ್ದನ್ನ ಕಿತ್ತುಕೊಳ್ಳೋಕಾಗಲ್ಲ. ಅದಕ್ಕೇ ನನಗೆ ತೆರೆದ ಮೂಲದ ಮೇಲೆ ನಂಬಿಕೆ" ಎಂಬುದು ಅವನ ವಾದ.

ಮೂಲ ತೆರೆದಿಡುವುದೆಂದರೇನು? ನಾವು ಹೆಂಗಸರಿಗೆ ಇದು ಕಷ್ಟದ ವಿಷಯವಲ್ಲ. ಸಾರಿನ ಪುಡಿ ಮಾಡಿ ಕೊಡುವುದು ಒಂದು. ಧನಿಯ ಎಷ್ಟು, ಮೆಣಸು ಎಷ್ಟು, ಯಾವುದನ್ನು ಎಷ್ಟು ಹುರಿಯಬೇಕು ಎಂದು ಬರೆದೇ ಕೊಡುವುದು ಇನ್ನೊಂದು. ಎರಡನೆಯದಕ್ಕೆ ದೊಡ್ಡ ಮನಸ್ಸು ಬೇಕು. ಅಳತೆ ಕೈಗೆ ಸಿಕ್ಕವಳು ಅದನ್ನು ತಿದ್ದಬಹುದು, ಇನ್ನೊಬ್ಬಳಿಗೆ ದಾಟಿಸಬಹುದು.

ಮಗನ ನಿದ್ದೆ ಕೆಡಿಸಿದ್ದು ಲಾಗ್‌ಫೋರ್‌ಜೆ ಎಂಬ, ಜಾವಾದಲ್ಲಿ ಬರೆದ ಒಂದು ಸಲಕರಣೆ. ಅದರ ಕೆಲಸ ನಮ್ಮ ಶಾಲೆಯ ಆವಕ ವಹಿಯ ಗುಮಾಸ್ತರದೇ: ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳುವುದು. ಬಂದ ಕಾಗದದಲ್ಲಿ "ಇಂಥ ವಿಳಾಸಕ್ಕೆ ಹೋಗಿ ಅಲ್ಲಿ ಹೇಳಿದಂತೆ ಮಾಡು" ಎಂದಿದ್ದರೆ, ಗುಮಾಸ್ತರು ಅದನ್ನು ವಹಿಯಲ್ಲಿ ಬರೆಯುವ ಬದಲು ಎದ್ದು ಹೋಗಿ ಹಾಗೆಯೇ ಮಾಡಿಬಿಟ್ಟರೆ? ಆದದ್ದು ಅದೇ. ಯಾವನೋ ಕಳ್ಳ ಎಲ್ಲೋ ಕೂತು ಒಂದು ಸಾಲು ಬರೆದು ಕಳಿಸಿದರೆ ಸಾಕು, ಕಂಪ್ಯೂಟರು ಅವನ ಅಪ್ಪಣೆ ಪಾಲಿಸುತ್ತಿತ್ತು. ಅಪಾಯಕ್ಕೆ ಕೊಡುವ ಅಂಕ ಹತ್ತಕ್ಕೆ ಹತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ಆ ಸಲಕರಣೆಯನ್ನು ಬಳಸುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರಾದರೋ ಅಪಾಚೆ ಎಂಬ ಸಂಸ್ಥೆಯ ಆಶ್ರಯದಲ್ಲಿದ್ದ ಬೆರಳೆಣಿಕೆಯ ಸ್ವಯಂಸೇವಕರು. ಆ ತಿಂಗಳು ಅವರೂ ನಿದ್ದೆಗೆಟ್ಟು ಒಂದರ ಮೇಲೊಂದು ತಿದ್ದುಪಡಿ ಹೊರಡಿಸಿದರು. ಸಂಬಳವಿಲ್ಲದ ಕೆಲಸಕ್ಕೆ ಬೈಗುಳ ತಿನ್ನುತ್ತಿದ್ದೇವೆಂದು ಅವರಲ್ಲೊಬ್ಬರು ನೊಂದುಕೊಂಡರು. ತೊಂದರೆ ತಂದ ಆ ಅಂಶ ಅವರಿಗೂ ಬೇಡವಾಗಿತ್ತಂತೆ. ಹಳೆಯ ಬಳಕೆದಾರರಿಗೆ ಅಡಚಣೆಯಾಗಬಾರದೆಂದು ಉಳಿಸಿಕೊಂಡಿದ್ದರಂತೆ!

ಇದನ್ನು ಕೇಳಿ ನನಗೆ ನನ್ನದೇ ಒಂದು ಹಳೆಯ ಗಾಯ ನೆನಪಾಯಿತು.

ಹತ್ತನೆಯ ತರಗತಿಯ ಸಮಾಜ ವಿಜ್ಞಾನಕ್ಕೆ ನಾನೊಂದು ಪ್ರಶ್ನೋತ್ತರದ ನೋಟ್ಸ್ ಬರೆದಿದ್ದೆ. ಕೇಳಿದವರಿಗೆಲ್ಲ ಕೊಟ್ಟೆ. ಅದು ಜೆರಾಕ್ಸ್ ಆಗಿ ತಾಲ್ಲೂಕಿನ ಟ್ಯೂಷನ್ ಮನೆಗಳಲ್ಲೆಲ್ಲ ಓಡಾಡಿತು. ನನ್ನ ಹೆಸರಿದ್ದ ಮೊದಲ ಹಾಳೆ ಎಲ್ಲೋ ಉದುರಿಹೋಯಿತು. 2006ರಲ್ಲಿ ಒಂದು ಸಭೆಯಲ್ಲಿ ಬೇರೆ ಶಾಲೆಯ ಶಿಕ್ಷಕರೊಬ್ಬರು ಅದನ್ನು ಎತ್ತಿ ಹಿಡಿದು, "ಯಾರ್ರೀ ಇದನ್ನ ಬರೆದವರು? ಮಕ್ಕಳ ಭವಿಷ್ಯದ ಜೊತೆ ಆಟವೇ?" ಎಂದು ಗುಡುಗಿದರು. ಫಜಲ್ ಅಲಿ ಆಯೋಗದ ನೇಮಕ 1953 ಎಂದಿರಬೇಕಾದಲ್ಲಿ, ಅದು ವರದಿ ಕೊಟ್ಟ 1955ನ್ನು ಬರೆದಿದ್ದೆ. ನಾನು ತಲೆ ತಗ್ಗಿಸಿ ಕೂತೆ, ನನ್ನದೆನ್ನಲಿಲ್ಲ. ಮನೆಗೆ ಬಂದು ನೋಟ್ಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಜಾವಾದ ಬಾಗಿಲು ತೆರೆದ ವರ್ಷವೇ ನನ್ನ ಬೀರು ಮುಚ್ಚಿತ್ತು.

ಇಷ್ಟು ಹೇಳಿ ಮಗನನ್ನು ಕೇಳಿದೆ, "ಈಗ ಹೇಳು, ಬೈಯೋದು ಸರಿಯೇನೋ?"

ಅವನೂ ಸುಮ್ಮನಾಗುವವನಲ್ಲ. "ಹಾಗಂತ ದಾಸೋಹದಲ್ಲಿ ಹಳಸಿದ ಅನ್ನ ಬಡಿಸಿ, ಪುಕ್ಕಟೆ ತಾನೇ ತಿನ್ನಿ ಅನ್ನಬಹುದಾ?"

ಮಾತು ನಿಜ. ಕೊಡುವವರಿಗೆ ಧರ್ಮವೊಂದುಂಟು: ಗೊತ್ತಿದ್ದೂ ಕೆಟ್ಟದ್ದನ್ನು ಕೊಡಬಾರದು, ಗೊತ್ತಾದ ಮೇಲೆ ಮುಚ್ಚಿಡಬಾರದು. ಆದರೆ ದಾಸೋಹ ಹೋಟೆಲ್ ಅಲ್ಲ. ಅಲ್ಲಿ ಉಂಡವನೇ ಮರುದಿನ ತರಕಾರಿ ಹೆಚ್ಚಲು ಕೂರುತ್ತಾನೆ, ಉಳ್ಳವನು ಅಕ್ಕಿ ಮೂಟೆ ಕಳಿಸುತ್ತಾನೆ. ಕೋಟಿಗಟ್ಟಲೆ ಲಾಭ ಮಾಡುವವರು ದಿನವೂ ಪಂಕ್ತಿಯಲ್ಲಿ ಕೂತು ಉಂಡು, ಕೈ ತೊಳೆದು, ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಹೋದರೆ ಅಡಿಗೆಮನೆ ಎಷ್ಟು ದಿನ ನಡೆದೀತು? ಲಾಗ್‌ಫೋರ್‌ಜೆಯ ಆ ತಪ್ಪು 2013ರಿಂದಲೂ ಎಲ್ಲರ ಕಣ್ಣೆದುರೇ ಬಿದ್ದಿತ್ತು. ಎಲ್ಲರೂ ನೋಡಬಹುದಾದದ್ದನ್ನು ಇನ್ನಾರೋ ನೋಡಿರುತ್ತಾರೆಂದು ಎಲ್ಲರೂ ಸುಮ್ಮನಿದ್ದರು. ಪುಕ್ಕಟೆ ಪಡೆದವನಿಗೆ ತಪ್ಪು ತೋರಿಸುವ ಹಕ್ಕುಂಟು. ಆದರೆ ತಿದ್ದಲು ಕೈಜೋಡಿಸುವ ಹೊಣೆಯೂ ಅದರ ಜೊತೆಗೇ ಬರುತ್ತದೆ. ಹೊಣೆಯನ್ನು ಬಿಟ್ಟು ಹಕ್ಕನ್ನು ಮಾತ್ರ ಹಿಡಿದವನದು ಬರೀ ಬೈಗುಳ.

ಮಗ ಆಗ ಏನೂ ಹೇಳಲಿಲ್ಲ. ಕೆಲವು ತಿಂಗಳ ನಂತರ ಒಂದು ಭಾನುವಾರ, ತಾನು ದಿನವೂ ಬಳಸುವ ಇನ್ನೊಂದು ಸಲಕರಣೆಯ ವಿವರಣೆಯಲ್ಲಿದ್ದ ತಪ್ಪನ್ನು ತಿದ್ದಿ ಕಳಿಸಿದೆನೆಂದೂ, ಅವರು ಒಪ್ಪಿಕೊಂಡರೆಂದೂ ಸಂಕೋಚದಿಂದಲೇ ಹೇಳಿದ. ನಾಲ್ಕೇ ಸಾಲಂತೆ. ನಾಲ್ಕು ಸಾಲು ಕಡಿಮೆಯೇ?

ಆಮೇಲೆ ನಾನೂ ಬೀರು ತೆರೆದೆ. ಶಾಲೆಗೆ ಹೊಸದಾಗಿ ಬಂದಿದ್ದ ಹುಡುಗಿಗೆ ನೋಟ್ಸ್ ಕೊಟ್ಟೆ. ಮೊದಲ ಪುಟದಲ್ಲಿ ನನ್ನ ಹೆಸರಿನ ಕೆಳಗೆ, "ತಪ್ಪಿದ್ದರೆ ತಿದ್ದಿ, ನನಗೂ ತಿಳಿಸಿ, ತಿದ್ದಿದ ಪ್ರತಿಯನ್ನು ಕೇಳಿದವರಿಗೆ ಕೊಡಿ" ಎಂದು ಬರೆದೆ. ಒಂದೇ ವಾರಕ್ಕೆ ಆಕೆ ಬಂದು, "ಬೇಜಾರು ಮಾಡ್ಕೋಬೇಡಿ ಮೇಡಂ, ಇನ್ನೂ ಎರಡು ಕಡೆ ಇಸವಿ ತಪ್ಪಿದೆ" ಎಂದಳು.

ಬೇಜಾರಾಗಲಿಲ್ಲವೆಂದರೆ ಸುಳ್ಳು. ಆದರೆ ರಾತ್ರಿ ಮಲಗಿದಾಗ ಅನ್ನಿಸಿತು: ಹದಿನೈದು ವರ್ಷ ನಾನು ಬೀಗ ಹಾಕಿ ಕಾಪಾಡಿದ್ದು ನನ್ನ ನೋಟ್ಸನ್ನು ಮಾತ್ರವಲ್ಲ, ಅದರೊಳಗಿನ ತಪ್ಪುಗಳನ್ನೂ ಕೂಡ.