ಸಾಕು ಅನ್ನೋದಕ್ಕೆ ಎಷ್ಟು ಮಿಲಿಮೀಟರ್?

ಅರವತ್ತು ಮಿಲಿಮೀಟರ್ ಅಗಲದ ಗಾಜು, ಅದರ ಹಿಂದೆ ಒಂದು ಮೊಳದಷ್ಟು ಉದ್ದದ ಕೊಳವೆ. ಚಿಕ್ಕ ರಿಫ್ರ್ಯಾಕ್ಟರ್ ಟೆಲಿಸ್ಕೋಪ್ ಅಂದರೆ ಇಷ್ಟೇ. ಇದನ್ನ ಕೊಳ್ಳೋದರಲ್ಲಿ ಸರಿ-ತಪ್ಪಿನ ಪ್ರಶ್ನೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಅಂಗಡಿಯವನಿಗೆ ಆ ಪ್ರಶ್ನೆ ಇಲ್ಲ. ನನ್ನಂಥ ಕೊಳ್ಳುವವನಿಗೆ ಇದೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ತಿಪಟೂರು ಕಡೆ ಹಳ್ಳಿಯಲ್ಲಿ ತೆಂಗಿನ ತೋಟ, ತೋಟ ನೋಡಿಕೊಳ್ಳೋಕೆ ಅಣ್ಣ. ನಾನು ಆಕಾಶದ ಫೋಟೋ ತೆಗೆಯೋಕೆ ಅಂತ ಎಂಬತ್ತು ಸಾವಿರ ಎತ್ತಿಟ್ಟ ತಿಂಗಳಲ್ಲೇ ಅಣ್ಣ ಫೋನ್ ಮಾಡಿ, ಬೋರಿನ ಮೋಟಾರ್ ಸುಟ್ಟೋಯ್ತು ಅಂದ. ದುಡ್ಡು ಕೇಳಲಿಲ್ಲ, ಸುದ್ದಿ ಹೇಳಿದ ಅಷ್ಟೆ. ಕೇಳದೇ ಇದ್ದದ್ದೇ ಪ್ರಶ್ನೆಯನ್ನ ಇನ್ನಷ್ಟು ಗಟ್ಟಿ ಮಾಡಿತು. ನನ್ನ ಹವ್ಯಾಸಕ್ಕೆ ನಾನು ಎಷ್ಟರವರೆಗೆ ಖರ್ಚು ಮಾಡಬಹುದು? ಸಾಕು ಅನ್ನೋ ಗೆರೆಯನ್ನ ಯಾರು ಎಳೀಬೇಕು, ಎಲ್ಲಿ ಎಳೀಬೇಕು?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಂದು, ನನ್ನ ದುಡಿಮೆ, ನನ್ನ ದುಡ್ಡು, ನನ್ನಿಷ್ಟ. ಇನ್ನೊಂದು, ಮನೆಯಲ್ಲಿ ಕಷ್ಟ ಇರೋವಾಗ ಇದೆಲ್ಲ ದುಂದು. ಎರಡೂ ನೋಡೋಕೆ ವಿರುದ್ಧ, ಆದರೆ ಎರಡರಲ್ಲೂ ಒಂದು ಅನುಕೂಲ ಇದೆ: ಲೆಕ್ಕ ಹಾಕೋ ಕೆಲಸವೇ ಇಲ್ಲ. ಮೊದಲನೆಯದು ಎಷ್ಟು ಬೇಕಾದರೂ ಅನ್ನುತ್ತೆ, ಎರಡನೆಯದು ಒಂದು ರೂಪಾಯಿಯೂ ಬೇಡ ಅನ್ನುತ್ತೆ. ನಡುವೆ ಒಂದು ಗೆರೆ ಇರಬಹುದು ಅಂತ ನನಗೆ ತೋರಿಸಿಕೊಟ್ಟದ್ದು ಯಾವ ಗ್ರಂಥವೂ ಅಲ್ಲ, ಈ ಪುಟ್ಟ ಟೆಲಿಸ್ಕೋಪೇ.

ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಭೂಮಿ ತಿರುಗೋದರಿಂದ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್ ಸೆಕೆಂಡಿನಷ್ಟು ಸರಿದಂತೆ ಕಾಣುತ್ತವೆ. ಒಂದು ಡಿಗ್ರಿಯನ್ನ 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್ ಸೆಕೆಂಡ್. ಮಂಕಾದ ನೀಹಾರಿಕೆಯ ಫೋಟೋಗೆ ಕ್ಯಾಮೆರಾವನ್ನ ಮೂರು ನಿಮಿಷ ತೆರೆದಿಟ್ಟರೆ ಅಷ್ಟರಲ್ಲಿ ಆಕಾಶ ಮುಕ್ಕಾಲು ಡಿಗ್ರಿ, ಅಂದರೆ ಒಂದೂವರೆ ಚಂದ್ರನಷ್ಟು, ಸರಿದಿರುತ್ತೆ. ಅದಕ್ಕೇ ಟೆಲಿಸ್ಕೋಪನ್ನ ಮೋಟಾರ್ ಇರೋ ಮೌಂಟ್ ಮೇಲೆ ಕೂರಿಸಿ ನಕ್ಷತ್ರಗಳ ಜೊತೆಗೇ ತಿರುಗಿಸ್ತೀವಿ. ಆದರೆ ಮೌಂಟಿನ ಹಲ್ಲುಚಕ್ರ ಪೂರ್ತಿ ನಿಖರವಾಗಿರಲ್ಲ, ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಹೋಗ್ತಾನೇ ಇರುತ್ತೆ. ಅದನ್ನ ತಿದ್ದೋಕೆ ದೊಡ್ಡ ಟೆಲಿಸ್ಕೋಪಿನ ಬೆನ್ನ ಮೇಲೆ ಇನ್ನೊಂದು ಚಿಕ್ಕದು. ಅದೇ ಗೈಡ್ ಸ್ಕೋಪ್. ಅದರ ಹಿಂದಿರೋ ಸಣ್ಣ ಕ್ಯಾಮೆರಾ ಎರಡು ಮೂರು ಸೆಕೆಂಡಿಗೊಮ್ಮೆ ನಕ್ಷತ್ರದ ಚಿತ್ರ ತೆಗೆಯುತ್ತೆ. ನಕ್ಷತ್ರ ಜರುಗಿದ್ದರೆ ಪಿಎಚ್‌ಡಿ2 ಥರದ ತಂತ್ರಾಂಶ ಮೌಂಟಿಗೆ, ಇಷ್ಟು ಹಿಂದಕ್ಕೆ ಬಾ, ಅನ್ನುತ್ತೆ. ರಾತ್ರಿಯಿಡೀ ಇದೇ ಕೆಲಸ. ಆ ಸಾವಿರಾರು ಚಿತ್ರಗಳಲ್ಲಿ ಒಂದನ್ನೂ ಯಾರೂ ಉಳಿಸಿಕೊಳ್ಳಲ್ಲ.

ನೇಗಿಲು ಹಿಡಿದು ಮೊದಲ ಸಾಲು ಹೊಡೆಯುವವನು ಆಚೆ ಬದುವಿನ ಒಂದು ಮರದ ಮೇಲೆ ಕಣ್ಣಿಟ್ಟುಕೊಂಡು ಹೋಗ್ತಾನೆ, ನೋಡಿರ್ತೀರಿ. ಆ ಮರ ಮಾವೋ ಬೇವೋ, ಹಣ್ಣು ಬಿಟ್ಟಿದೆಯೋ ಇಲ್ಲವೋ, ಅವನಿಗೆ ಬೇಕಾಗಿಲ್ಲ. ಅದು ಅಲ್ಲೇ ನಿಂತಿದ್ದರೆ ಆಯ್ತು. ಗೈಡ್ ಸ್ಕೋಪಿಗೆ ನಕ್ಷತ್ರ ಬೇಕಾಗಿರೋದೂ ಹಾಗೇನೇ.

ಈಗ ಲೆಕ್ಕ. ನಾನು ಫೋಟೋಗೆ ಅಂತ ನೋಡ್ತಿದ್ದದ್ದು 61 ಮಿಲಿಮೀಟರ್ ಅಗಲ, 360 ಮಿಲಿಮೀಟರ್ ಫೋಕಲ್ ಲೆಂತ್ ಇರೋ ರಿಫ್ರ್ಯಾಕ್ಟರ್. ಹಿಂದೆ 3.76 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾ ಹಾಕಿದರೆ ಒಂದು ಪಿಕ್ಸೆಲ್ ಆಕಾಶದಲ್ಲಿ 2.15 ಆರ್ಕ್ ಸೆಕೆಂಡ್ ಹಿಡಿಯುತ್ತೆ. ಗೈಡಿಂಗಿಗೆ ಬರೀ 30 ಮಿಲಿಮೀಟರ್ ಅಗಲದ, 120 ಮಿಲಿಮೀಟರ್ ಫೋಕಲ್ ಲೆಂತಿನ ಕೊಳವೆ ಇದ್ದರೆ ಅದರ ಪಿಕ್ಸೆಲ್ ಸುಮಾರು 6.4 ಆರ್ಕ್ ಸೆಕೆಂಡ್. ಒರಟಾಯ್ತು ಅನ್ನಿಸುತ್ತೆ, ಅಲ್ವಾ? ಆದರೆ ತಂತ್ರಾಂಶ ನಕ್ಷತ್ರ ಯಾವ ಪಿಕ್ಸೆಲ್ಲಿನಲ್ಲಿದೆ ಅಂತಷ್ಟೇ ನೋಡಲ್ಲ. ಬೆಳಕು ಹರಡಿದ ಪಿಕ್ಸೆಲ್ಲುಗಳನ್ನೆಲ್ಲ ತೂಗಿ ಮಧ್ಯಬಿಂದು ಕಂಡುಹಿಡಿಯುತ್ತೆ. ನಕ್ಷತ್ರ ಚೆನ್ನಾಗಿ ಕಾಣ್ತಿದ್ದರೆ ಪಿಕ್ಸೆಲ್ಲಿನ ಹತ್ತನೇ ಒಂದು ಭಾಗದಷ್ಟು ಜರುಗಿದ್ದೂ ಗೊತ್ತಾಗುತ್ತೆ. ಅಂದರೆ 0.64 ಆರ್ಕ್ ಸೆಕೆಂಡ್. ಫೋಟೋದ ಒಂದು ಪಿಕ್ಸೆಲ್ಲಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಸಾಕು.

ಇನ್ನೂ ಒಂದು ತಮಾಷೆ ಇದೆ. ನಕ್ಷತ್ರ ಸೂಜಿಮೊನೆಯಷ್ಟು ಚೂಪಾಗಿ ಒಂದೇ ಪಿಕ್ಸೆಲ್ಲಿನಲ್ಲಿ ಬಿದ್ದರೆ ಮಧ್ಯಬಿಂದು ಸರಿಯಾಗಿ ಸಿಗಲ್ಲ. ಸ್ವಲ್ಪ ಊದಿಕೊಂಡು ನಾಲ್ಕಾರು ಪಿಕ್ಸೆಲ್ಲಿಗೆ ಹರಡಿದ್ದರೇ ಒಳ್ಳೇದು. ಹಾಗಾಗಿ ಗೈಡ್ ಸ್ಕೋಪಿಗೆ ದುಬಾರಿ ಗಾಜು ಹಾಕಿದರೆ ಸಿಗೋ ಚೂಪು ಕೆಲಸಕ್ಕೆ ಬರಲ್ಲ. ಒಂದು ಮಟ್ಟ ದಾಟಿದ ಮೇಲೆ ಹಾಕಿದ ದುಡ್ಡು ಏನೂ ಮಾಡದೆ ಸುಮ್ಮನೆ ಕೂತಿರುತ್ತೆ. ಆ ಮಟ್ಟ ಎಲ್ಲಿದೆ ಅನ್ನೋದು ಅಭಿಪ್ರಾಯ ಅಲ್ಲ, ಗುಣಾಕಾರ ಭಾಗಾಕಾರ.

ಅದೇ ಕೊಳವೆಯನ್ನ ಫೋಟೋಗೆ ಹಚ್ಚಿ ನೋಡಿ, ಕಥೆಯೇ ಬೇರೆ. ಇಲ್ಲಿ ನಕ್ಷತ್ರ ಊದಿಕೊಂಡರೆ ಚಿತ್ರ ಕೆಟ್ಟಿತು. ಎರಡು ಸಾದಾ ಗಾಜಿನ ಆಕ್ರೊಮ್ಯಾಟ್ ಎಲ್ಲ ಬಣ್ಣಗಳನ್ನೂ ಒಂದೇ ಕಡೆ ತರೋದಿಲ್ಲ, ಪ್ರಕಾಶಮಾನ ನಕ್ಷತ್ರಗಳ ಸುತ್ತ ನೇರಳೆ ಪ್ರಭೆ ಉಳಿಯುತ್ತೆ. ಕಣ್ಣು ಅದನ್ನ ಸಹಿಸಿಕೊಳ್ಳುತ್ತೆ, ಕ್ಯಾಮೆರಾ ಸಹಿಸಲ್ಲ. ಆದ್ದರಿಂದ ಇಡಿ ಗಾಜಿನ ಡಬ್ಲೆಟ್ ಬೇಕು. ಮೂಲೆಗಳಲ್ಲಿ ನಕ್ಷತ್ರ ಎಳೆದಂತಾಗದಿರೋಕೆ ಫೀಲ್ಡ್ ಫ್ಲ್ಯಾಟನರ್ ಬೇಕು. ಫೋಕಸರ್ ಕ್ಯಾಮೆರಾದ ಭಾರಕ್ಕೆ ಜಾರಬಾರದು. ಇಲ್ಲಿ ಖರ್ಚು ಮಾಡೋದು ಶೋಕಿ ಅಲ್ಲ, ಕೆಲಸವೇ ಅದನ್ನ ಕೇಳ್ತಿದೆ.

ಹಾಗಂತ ದೊಡ್ಡದಾದಷ್ಟೂ ಒಳ್ಳೇದು ಅಂತಲೂ ಅಲ್ಲ. ಆಂಡ್ರೊಮಿಡಾ ಗೆಲಾಕ್ಸಿ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದ, ಆರು ಚಂದ್ರರನ್ನ ಸಾಲಾಗಿ ಇಟ್ಟಷ್ಟು. 360 ಮಿಲಿಮೀಟರಿನ ಕೊಳವೆಗೆ ಎಪಿಎಸ್-ಸಿ ಸೆನ್ಸರ್ ಹಾಕಿದರೆ ಸುಮಾರು 3.7 ಡಿಗ್ರಿ ಅಗಲ ಸಿಗುತ್ತೆ, ಇಡೀ ಗೆಲಾಕ್ಸಿ ಚೌಕಟ್ಟಿನೊಳಗೆ ಕೂರುತ್ತೆ. ಎರಡು ಸಾವಿರ ಮಿಲಿಮೀಟರ್ ಫೋಕಲ್ ಲೆಂತ್ ಇರೋ ಎಂಟು ಇಂಚಿನ ಟೆಲಿಸ್ಕೋಪಿನಲ್ಲಿ ಅದೇ ಸೆನ್ಸರಿಗೆ ಮುಕ್ಕಾಲು ಡಿಗ್ರಿಯೂ ಸಿಗಲ್ಲ. ವಿಶಾಲ ಆಕಾಶ ಬೇಕಾದವನಿಗೆ ಚಿಕ್ಕದು ಅನ್ನೋದು ಬಡವರ ರಾಜಿ ಅಲ್ಲ, ಅದೇ ಸರಿಯಾದ ಅಳತೆ.

ಇಲ್ಲೇ ಒಂದು ಸಲಹೆ ಸಿಕ್ಕೇ ಸಿಗುತ್ತೆ: ಒಂದು ಒಳ್ಳೆ ಟ್ರಿಪ್ಲೆಟ್ಟನ್ನೇ ತಗೊಂಡುಬಿಡಿ, ಇವತ್ತು ಗೈಡಿಂಗಿಗೆ ಆಗುತ್ತೆ, ನಾಳೆ ಫೋಟೋಗೆ ಆಗುತ್ತೆ. ಕೇಳೋಕೆ ಮಿತವ್ಯಯದ ಮಾತು. ಆದರೆ ಒಂದು ರಾತ್ರಿಯಲ್ಲಿ ಆ ಕೊಳವೆ ಒಂದೇ ಕೆಲಸ ಮಾಡೋದು. ಫೋಟೋಗೆ ಹೋದ ದಿನ ಗೈಡಿಂಗಿಗೆ ಇನ್ನೊಂದು ಬೇಕು, ಗೈಡಿಂಗಿಗೆ ಇಟ್ಟ ದಿನ ಅದರ ಮೂರನೇ ಗಾಜು ಯಾರಿಗೂ ಕಾಣದ ಚಿತ್ರ ತೆಗೀತಿರುತ್ತೆ. ಆ ಸಲಹೆಯಲ್ಲಿ ನಾಜೂಕಾಗಿ ತಪ್ಪಿಸಿಕೊಂಡಿರೋ ಪ್ರಶ್ನೆ ಒಂದೇ: ಯಾವುದಕ್ಕೆ? ಯಾವುದಕ್ಕೆ ಅನ್ನೋದು ಗೊತ್ತಿಲ್ಲದಿದ್ದಾಗ ಎಷ್ಟು ಅನ್ನೋದಕ್ಕೆ ಕೊನೆ ಇಲ್ಲ. ಎಲ್ಲದಕ್ಕೂ ಆಗಲಿ ಅಂತ ಕೊಳ್ಳೋ ವಸ್ತುವಿಗೆ ಸಾಕು ಅನ್ನೋ ಬೆಲೆಯೇ ಇರಲ್ಲ.

ಇನ್ನೊಂದು ಸಂಗತಿ ನನ್ನನ್ನ ಬಹಳ ಯೋಚನೆಗೆ ಹಚ್ಚಿದ್ದು. ಎಷ್ಟೋ ಸಲ ಗೈಡಿಂಗ್ ಗ್ರಾಫ್ ನೀರು ನಿಂತ ಹಾಗೆ ಸಮತಟ್ಟಾಗಿರುತ್ತೆ, ಆದರೆ ಫೋಟೋದಲ್ಲಿ ನಕ್ಷತ್ರಗಳು ಅಕ್ಕಿಕಾಳಿನ ಹಾಗೆ ಉದ್ದಕ್ಕೆ ಬಂದಿರುತ್ತವೆ. ಕಾರಣ, ಗೈಡ್ ಸ್ಕೋಪನ್ನ ಮುಖ್ಯ ಕೊಳವೆಗೆ ಕಟ್ಟಿರೋ ಹಿಡಿ ಸಡಿಲ. ಮೌಂಟ್ ತಿರುಗಿದ ಹಾಗೆ ಭಾರ ವಾಲಿ ಎರಡೂ ಬೇರೆ ಬೇರೆ ದಿಕ್ಕಿಗೆ ಕೂದಲೆಳೆಯಷ್ಟು ಬಾಗುತ್ತವೆ. ಡಿಫರೆನ್ಷಿಯಲ್ ಫ್ಲೆಕ್ಷರ್ ಅಂತ ಅದಕ್ಕೆ ಹೆಸರು. ಅಳೆಯೋ ಕೊಳವೆಗೆ ಎಲ್ಲವೂ ಸರಿ, ನಿಜವಾದ ಕೆಲಸ ಮಾತ್ರ ಹಾಳು. ಆಫೀಸಿನಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಿದ್ದು ಗ್ರಾಹಕ ಬೈತಿರೋದನ್ನ ಕಂಡವರಿಗೆ ಇದು ಹೊಸದೇನಲ್ಲ. ಇದಕ್ಕೆ ಪರಿಹಾರ ಇನ್ನೂ ದುಬಾರಿ ಗೈಡ್ ಸ್ಕೋಪ್ ಅಲ್ಲ, ಗಟ್ಟಿಯಾದ ಎರಡು ರಿಂಗು, ನಾಲ್ಕು ಸ್ಕ್ರೂ. ಹವ್ಯಾಸವೂ ಹಾಗೇ. ಕೊಂಡ ಸಾಮಾನಿಗೂ ಕೊಂಡ ಉದ್ದೇಶಕ್ಕೂ ನಡುವಿನ ಕಟ್ಟು ಸಡಿಲವಾದರೆ ಸಾಮಾನು ಬೆಳೀತಾ ಹೋಗುತ್ತೆ, ಫೋಟೋ ಮಾತ್ರ ಬರಲ್ಲ.

ಈಗ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಕಥೆ ಹೇಳಲೇಬೇಕು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1857ರಲ್ಲಿ ಹುಟ್ಟಿದವನು. ಹುಟ್ಟೋ ಮೊದಲೇ ಅಪ್ಪ ಇಲ್ಲ, ಕಡು ಬಡತನ. ಒಂಬತ್ತು ವರ್ಷದ ಹೊತ್ತಿಗೆ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ. ಚಿತ್ರ ದೊಡ್ಡದು ಮಾಡೋಕೆ ಬಿಸಿಲು ಬಳಸ್ತಿದ್ದ ಯಂತ್ರವನ್ನ ಸೂರ್ಯನ ಕಡೆಗೇ ತಿರುಗಿಸ್ತಾ ಇರೋದು ಆ ಹುಡುಗನ ಕೆಲಸ. ಅಂದರೆ ಅವನ ಮೊದಲ ಸಂಬಳವೇ ಗೈಡಿಂಗಿಗೆ ಸಿಕ್ಕಿದ್ದು! ಹತ್ತೊಂಬತ್ತರ ಆಸುಪಾಸಿನಲ್ಲಿ 380 ಡಾಲರ್ ಕೊಟ್ಟು ಐದು ಇಂಚಿನ ರಿಫ್ರ್ಯಾಕ್ಟರ್ ಕೊಂಡ. ಅದು ಅವನ ವರ್ಷದ ಸಂಬಳದ ಸುಮಾರು ಮೂರನೇ ಎರಡು ಭಾಗ. ಮನೆಯಲ್ಲಿ ಕಾಯಿಲೆಯ ತಾಯಿ, ಅವಳನ್ನ ನೋಡಿಕೊಳ್ತಿದ್ದವನೂ ಅವನೇ. ಮುಂದೆ ಅವನು ಧೂಮಕೇತುಗಳನ್ನ ಕಂಡುಹಿಡಿದು ಬಹುಮಾನದ ದುಡ್ಡಲ್ಲಿ ಮನೆ ಕಟ್ಟಿಸಿದ. 1905ರಲ್ಲಿ ಮೌಂಟ್ ವಿಲ್ಸನ್ ಮೇಲೆ ಹತ್ತು ಇಂಚಿನ ಲೆನ್ಸಿನಿಂದ ಆಕಾಶಗಂಗೆಯ ವಿಶಾಲ ಚಿತ್ರಗಳನ್ನ ತೆಗೆದ. ಪಕ್ಕದಲ್ಲಿ ಕಟ್ಟಿದ್ದ ಐದು ಇಂಚಿನ ಗೈಡ್ ಟೆಲಿಸ್ಕೋಪಿಗೆ ಕಣ್ಣಿಟ್ಟು, ಗಂಟೆಗಟ್ಟಲೆ ಕೈಯಿಂದಲೇ ತಿದ್ದುತ್ತಾ. ಆ ಚಿತ್ರಗಳ ಅಟ್ಲಾಸ್ ಅಚ್ಚಾಗಿದ್ದು ಅವನು ಸತ್ತು ನಾಲ್ಕು ವರ್ಷಕ್ಕೆ, 1927ರಲ್ಲಿ.

ಇದನ್ನ ಕೇಳಿ, ನೋಡಿ ಸಾಲ ಮಾಡಿಯಾದರೂ ಕೊಂಡರೆ ಫಲ ಸಿಗುತ್ತೆ, ಅನ್ನೋ ನೀತಿ ತೆಗೆಯೋದು ಸುಲಭ. ನಾನು ತೆಗೆಯಲ್ಲ. ಧೂಮಕೇತು ಸಿಗದೇ ಇದ್ದಿದ್ದರೆ ಆ ಖರ್ಚು ಪಾಪ, ಸಿಕ್ಕಿದ್ದರಿಂದ ಪುಣ್ಯ ಅನ್ನೋಕಾಗಲ್ಲ. ಫಲ ನಮ್ಮ ಕೈಲಿಲ್ಲ, ನನಗಂತೂ ಧೂಮಕೇತು ಸಿಗೋದಿಲ್ಲ. ನನಗೆ ಮುಖ್ಯ ಅನ್ನಿಸೋದು ಬೇರೆ. ಬಡವನಿಗೂ ಆಕಾಶ ನೋಡೋ ಹಕ್ಕಿದೆ, ತಾಯಿಯ ಆರೈಕೆ ಅದನ್ನ ರದ್ದು ಮಾಡಲ್ಲ. ಆದರೆ ಆ ಹಕ್ಕಿಗೆ ಅಳತೆ ಇದೆ. ಅವನಿಗೆ ಆ ಟೆಲಿಸ್ಕೋಪ್ ಯಾವುದಕ್ಕೆ ಅಂತ ಗೊತ್ತಿತ್ತು, ಪ್ರತಿ ರಾತ್ರಿ ಅದು ಆ ಕೆಲಸಕ್ಕೇ ದುಡೀತು.

ಅಳತೆಯ ಮಾತು ಬಂದರೆ ನಮ್ಮ ಆಯ್ದಕ್ಕಿ ಲಕ್ಕಮ್ಮನನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ. ಕಲ್ಯಾಣದಲ್ಲಿ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದ್ದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದವಳು. ಈ ಕಥೆಯನ್ನ ಬಡತನದ ಹೊಗಳಿಕೆ ಅಂತ ಓದಿದರೆ ಅರ್ಧ ಮಾತ್ರ ಓದಿದ ಹಾಗೆ. ಲಕ್ಕಮ್ಮ ಅಕ್ಕಿಯೇ ಬೇಡ ಅನ್ನಲಿಲ್ಲ. ಆ ದಿನದ ದಾಸೋಹಕ್ಕೆ ಎಷ್ಟು ಬೇಕು ಅನ್ನೋದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೆಚ್ಚು ಯಾವುದು ಅನ್ನೋದೂ ಕಂಡಿತು. ಅವಳದು ವೈರಾಗ್ಯಕ್ಕಿಂತ ಮೊದಲು ಲೆಕ್ಕ.

ಆದರೂ ಒಂದು ಆಕ್ಷೇಪ ಉಳಿಯುತ್ತೆ. ಉದ್ದೇಶವೇ ದೊಡ್ಡದಾದರೆ? ನಂಗೆ ಇನ್ನೂ ಸೂಕ್ಷ್ಮ ಚಿತ್ರ ಬೇಕು ಅಂತ ಅಂದುಕೊಂಡರೆ ಸಾಕು ಅನ್ನೋ ಗೆರೆಯೂ ಮುಂದೆ ಸರಿಯುತ್ತಲ್ಲ? ನಿಜ. ಗಣಿತ ಇಲ್ಲಿ ಕೈಬಿಡುತ್ತೆ. ಇದಕ್ಕೆ ನನಗೆ ಗೊತ್ತಿರೋದು ಒಂದೇ ಪರೀಕ್ಷೆ: ಆ ದುಡ್ಡಿನಲ್ಲಿ ಯಾರಿಗೆ ಪಾಲು ಹೋಗಬಹುದಿತ್ತೋ ಅವರ ಮುಂದೆ ಉದ್ದೇಶವನ್ನ ಬಾಯಿಬಿಟ್ಟು ಹೇಳೋದು. ನಾನು ಅಣ್ಣನಿಗೆ ಡಬ್ಲೆಟ್ಟು, ಟ್ರಿಪ್ಲೆಟ್ಟು ಎಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿ, "ಅಲ್ಲಪ್ಪ, ಆ ಮೂರನೇ ಗಾಜಿಲ್ದಿದ್ರೆ ಫೋಟೋ ಬರಾಕಿಲ್ವಾ?" ಅಂದ. ಬರುತ್ತೆ ಅಣ್ಣ, ಜೂಮ್ ಮಾಡಿ ನೋಡಿದರೆ ಅಂಚಲ್ಲಿ ಸ್ವಲ್ಪ ವ್ಯತ್ಯಾಸ ಅಂದೆ. "ಗೈಡು ಅಂದ್ಯಲ್ಲ, ಅದಿಲ್ದಿದ್ರೆ?" ಬರಲ್ಲ ಅಂದೆ. "ಹಂಗಾದ್ರೆ ಅದು ತಗೊ." ಎರಡು ವಾರ ನಾನು ಸ್ಪ್ರೆಡ್‌ಶೀಟಿನಲ್ಲಿ ಹುಡುಕುತ್ತಿದ್ದ ಗೆರೆ ಅದೇ ಆಗಿತ್ತು.

30 ಮಿಲಿಮೀಟರಿನ ಸಾದಾ ಗೈಡ್ ಸ್ಕೋಪ್, ಇಡಿ ಡಬ್ಲೆಟ್ಟು, ಫ್ಲ್ಯಾಟನರ್, ಗಟ್ಟಿ ರಿಂಗುಗಳು. ಉಳಿದದ್ದು ಮನೆ ಲೆಕ್ಕಕ್ಕೆ ಹೋಯ್ತು, ಮೋಟಾರ್ ರಿವೈಂಡಿಂಗೂ ಅದರಲ್ಲೇ. ಇದನ್ನ ತ್ಯಾಗ ಅಂತ ಕರೆಯೋಕೆ ನನಗೆ ನಾಚಿಕೆ, ಯಾಕಂದ್ರೆ ಅಗತ್ಯ ದಾಟಿ ಉಳಿದದ್ದು ನನ್ನದು ಅನ್ನೋಕೆ ನನ್ನ ಹತ್ರ ಕಾರಣ ಇರಲಿಲ್ಲ. ಹಾಗೇ, ಕೊಂಡದ್ದರ ಬಗ್ಗೆ ಅಪರಾಧಿ ಭಾವವೂ ಇಲ್ಲ. ಮುಂದಿನ ವರ್ಷ ಹೊಸ ಮಾಡೆಲ್ ಬರುತ್ತೆ, ಹೊಸ ಗಾಜು ಬರುತ್ತೆ. ಆಗ ಮತ್ತೆ ಲೆಕ್ಕ ಹಾಕ್ತೀನಿ. ಆದರೆ ಶುರು ಮಾಡೋದು ಕ್ಯಾಟಲಾಗಿನಿಂದಲ್ಲ. ಯಾವ ಚಿತ್ರ ಈಗಿರೋದರಲ್ಲಿ ಬರ್ತಿಲ್ಲ ಅನ್ನೋದರಿಂದ.