ಸೊಂಟದ ಭಾರ

ಪಿಸ್ತೂಲು ಕೊಳ್ಳಲು ಹೊರಟವನು ಮೊದಲು ಕೊಳ್ಳಬೇಕಾದ್ದು ಒಂದು ಗಟ್ಟಿ ಬೆಲ್ಟು. ಗುಂಡು ತುಂಬಿದ ಗ್ಲಾಕ್ 19 ಮುಕ್ಕಾಲು ಕಿಲೋಗೂ ಮೀರಿ ತೂಗುತ್ತದೆ. ಅದನ್ನು ಮೆತ್ತನೆಯ ಬೆಲ್ಟಿಗೆ ಸಿಕ್ಕಿಸಿದರೆ ಪ್ಯಾಂಟು ಒಂದು ಕಡೆ ಜಾರುತ್ತದೆ, ಮನುಷ್ಯ ಇನ್ನೊಂದು ಕಡೆ ವಾಲುತ್ತಾನೆ. ಟೆಕ್ಸಸ್‌ನ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಬೆಲ್ಟು ಹೊಳೆಯುವುದಿಲ್ಲ. ಅದಕ್ಕೇ ಎಲ್ಲರೂ ಅದನ್ನು ಎರಡನೇ ಸಲ ಬಂದಾಗ ಕೊಳ್ಳುತ್ತಾರೆ.

*

ಅಜ್ಜಿಯ ಸೊಂಟದಲ್ಲಿ ಎಲೆಯಡಿಕೆ ಸಂಚಿ. ಅಮ್ಮನ ಸೊಂಟದಲ್ಲಿ ಬೀಗದ ಕೈ ಗೊಂಚಲು. ನನ್ನ ಸೊಂಟಕ್ಕೆ ಮಗುವಾಗಿದ್ದಾಗ ಉಡದಾರ. ಅದೇ ಜಾಗದಲ್ಲಿ ಈಗ ಪ್ಲಾಸ್ಟಿಕ್ಕು, ಉಕ್ಕು. ಊರಿಗೆ ಫೋನು ಮಾಡಿದಾಗ ಹೇಳದ ಸಂಗತಿ ಇದೊಂದೇ.

*

ಹೊಸಬರು ಅತಿ ಚಿಕ್ಕದನ್ನೇ ಕೇಳುತ್ತಾರೆ. ಚಿಕ್ಕದು ಬಚ್ಚಿಡಲು ಸುಲಭ, ಹೊಡೆಯಲು ಕಷ್ಟ. ಐದು ಗುಂಡು ಹಿಡಿಯುವ ಸ್ಮಿತ್ ಅಂಡ್ ವೆಸನ್ 642 ರಿವಾಲ್ವರ್ ಅರ್ಧ ಕಿಲೋ ಕೂಡ ಇಲ್ಲ. ಜೇಬಿನಲ್ಲಿಟ್ಟರೆ ಅದು ಇರುವುದೇ ಮರೆತುಹೋಗುತ್ತದೆ. ಒಂದು ಡಬ್ಬಿ ತೋಟೆ ಹೊಡೆದರೆ ಅಂಗೈ ಎರಡು ದಿನ ಮರೆಯುವುದಿಲ್ಲ. ಒದೆತವನ್ನು ಯಾರಾದರೂ ಹೊರಲೇಬೇಕು. ಪಿಸ್ತೂಲಿನ ತೂಕ ಹೊರದಿದ್ದರೆ ಮಣಿಕಟ್ಟು ಹೊರಬೇಕು.

*

2015ರಲ್ಲಿ ಬಂದ ಗ್ಲಾಕ್ 43ರ ಮ್ಯಾಗಜಿನ್‌ನಲ್ಲಿ ಆರು ಗುಂಡು. 2018ರಲ್ಲಿ ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ ಬಂದ ಸಿಗ್ ಸಾವರ್ ಪಿ365ರಲ್ಲಿ ಹತ್ತು. ಆ ನಾಲ್ಕು ಗುಂಡಿಗಾಗಿ ಎಷ್ಟು ಜನ ಹಳೆಯದನ್ನು ಮಾರಿ ಹೊಸದನ್ನು ಕೊಂಡರೋ! ನಾನೂ ಕೊಂಡೆ. ಭಯಕ್ಕೂ ಹೊಸ ಮಾದರಿ ಬರುತ್ತದೆ.

*

ಕೈಗೆ ಹೊಂದುತ್ತದೋ ಇಲ್ಲವೋ ನೋಡುವ ಬಗೆ ಹೀಗೆ: ಹಿಡಿ ಅಂಗೈ ತುಂಬಬೇಕು. ಹಿಡಿತ ಸಡಿಲಿಸದೆ ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಕೂರಬೇಕು. ನಳಿಗೆಯ ಮೇಲೆ ಹಿಂದೆಮುಂದೆ ಜಾರುವ ಸ್ಲೈಡನ್ನು ಹಿಂದಕ್ಕೆಳೆಯಲು ಹಲ್ಲು ಕಚ್ಚುವಂತಿರಬಾರದು. ಇಷ್ಟಾದ ಮೇಲೆ ಕಂಪನಿಯ ಹೆಸರು ಓದಿ. ಅಂಗಡಿಯವನು ಉಲ್ಟಾ ಕ್ರಮದಲ್ಲಿ ಹೇಳುತ್ತಾನೆ, ಅದು ಅವನ ಹೊಟ್ಟೆಪಾಡು.

*

ನನ್ನ ಹೆಂಡತಿಗೆ ಸ್ಲೈಡ್ ಎಳೆಯಲು ಆಗುತ್ತಿರಲಿಲ್ಲ. ಬಲ ಸಾಲದು ಎಂದು ಮೂವರು ಗಂಡಸರು ತೀರ್ಪು ಕೊಟ್ಟೆವು. ತರಬೇತಿ ಕೊಡುವ ಒಬ್ಬ ಮುದುಕಿ ಬಂದು, ಎಡಗೈಯಲ್ಲಿ ಸ್ಲೈಡನ್ನು ಸುಮ್ಮನೆ ಬಿಗಿಯಾಗಿ ಹಿಡಿದುಕೋ, ಬಲಗೈಯಲ್ಲಿ ಪಿಸ್ತೂಲನ್ನು ಮುಂದಕ್ಕೆ ತಳ್ಳು ಎಂದಳು. ಒಂದೇ ಸಲಕ್ಕೆ ಆಯಿತು. ರೊಟ್ಟಿ ಹಿಟ್ಟು ನಾದುವವಳಿಗೆ ತಳ್ಳುವುದನ್ನು ಹೇಳಿಕೊಡಬೇಕೆ?

*

ಎಚ್-1ಬಿ ವೀಸಾದ ಮೇಲೆ ಇರುವವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಂಗಡಿಯಲ್ಲಿ ತುಂಬುವ 4473 ನಂಬರಿನ ಫಾರಂ ಅದನ್ನು ನೇರವಾಗಿಯೇ ಕೇಳುತ್ತದೆ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯ್ತಿ ಉಂಟು. ಕಾಡುಹಂದಿಯ ಹೆಸರಿನಲ್ಲಿ ಸಿಗುವ ಹಕ್ಕು ಹೆಂಡತಿ ಮಕ್ಕಳ ಹೆಸರಿನಲ್ಲಿ ಸಿಗುವುದಿಲ್ಲ. ಉಳಿದವರು ಗ್ರೀನ್ ಕಾರ್ಡಿಗೆ ಕಾಯಬೇಕು. ನಮ್ಮ ದೇಶದವರ ಸರದಿ ಬರುವ ಹೊತ್ತಿಗೆ ಬೆರಳಿನ ಕೀಲು ಹಿಡಿದುಕೊಂಡಿರುತ್ತದೆ.

*

2017ರ ಫೆಬ್ರವರಿ 22ರ ಸಂಜೆ, ಕಾನ್ಸಾಸ್‌ನ ಒಲೇಥದಲ್ಲಿ, ಕೆಲಸ ಮುಗಿಸಿ ಗೆಳೆಯನೊಂದಿಗೆ ಕೂತಿದ್ದ ಹೈದರಾಬಾದ್ ಕಡೆಯ ಇಂಜಿನಿಯರನನ್ನು ಒಬ್ಬ ಗುಂಡಿಟ್ಟು ಕೊಂದ. ನನ್ನ ದೇಶ ಬಿಟ್ಟು ಹೋಗಿ ಎಂದು ಕೂಗಿ ಕೊಂದ. ಆ ವಾರ ನಮ್ಮ ಮನೆಗಳಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನು ಪಿಸ್ತೂಲಿನ ವಿಚಾರ ಮಾಡಿದ್ದು ಆಗಲೇ. ಕೊಂದವನ ಹಿಂದೆ ಓಡಿ ಗುಂಡು ತಿಂದು ಬದುಕಿ ಉಳಿದ ಬಿಳಿಯ ಹುಡುಗನ ಕೈಯಲ್ಲಿ ಏನೂ ಇರಲಿಲ್ಲ ಎಂಬುದು ಆಗಲೇ ಗೊತ್ತಿತ್ತು. ಗೊತ್ತಿದ್ದೂ ಅಂಗಡಿಗೆ ಹೋದೆ.

*

ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ. 1861ರಲ್ಲಿ ಕೊಡವರಿಗೆ ಸಿಕ್ಕ ಲೈಸೆನ್ಸ್ ವಿನಾಯ್ತಿ ಈಗಲೂ ಇದೆ. ಆ ಕೋವಿ ಊರಿಗೆಲ್ಲ ಕಾಣುವಂಥದ್ದು, ಕೇಳುವಂಥದ್ದು. ನನ್ನದು ಪಕ್ಕದಲ್ಲಿ ಕೂತವನಿಗೂ ಕಾಣಬಾರದು. ಕಾಣದ ಆಯುಧಕ್ಕೆ ಯಾವ ಹಬ್ಬವೂ ಇಲ್ಲ. ಆಯುಧ ಪೂಜೆಯ ದಿನ ಕಾರಿಗೆ ನಿಂಬೆಹಣ್ಣಿಟ್ಟೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟೆ, ಇದನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ.

*

ಅಜ್ಜನಿಗೆ ತೀರ್ಥಹಳ್ಳಿ ಕಡೆಯ ತೋಟದಲ್ಲಿ ಬೆಳೆ ರಕ್ಷಣೆಯ ಕೋವಿ ಇತ್ತು. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಮಂಗಗಳಿಗೆ ನೀತಿ ಸಂಹಿತೆ ಇಲ್ಲದ್ದರಿಂದ ಆ ತಿಂಗಳು ಬಾಳೆಗೊನೆ ಒಂದೂ ಉಳಿಯುತ್ತಿರಲಿಲ್ಲ. ಅಜ್ಜ ಸರ್ಕಾರವನ್ನು ಬೈಯುತ್ತಿದ್ದ. ಆದರೆ ಕೋವಿ ಮನೆಯಲ್ಲಿಲ್ಲದ ರಾತ್ರಿಗಳಲ್ಲಿ ಅವನಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು.

*

ಒರೆ ಕತ್ತಿಯನ್ನು ಮಳೆಯಿಂದ ಕಾಯುತ್ತದೆ. ಹೋಲ್‌ಸ್ಟರ್ ಕಾಯಬೇಕಾದ್ದು ಟ್ರಿಗರನ್ನು. ಟ್ರಿಗರು ಪೂರ್ತಿ ಮುಚ್ಚಬೇಕು, ಅಲುಗಬಾರದು, ತಲೆಕೆಳಗಾದರೂ ಬೀಳಬಾರದು, ಪಿಸ್ತೂಲು ಹೊರಬಂದ ಮೇಲೂ ಬಾಯಿ ತೆರೆದೇ ಇರಬೇಕು. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ಈ ನಾಲ್ಕೂ ಮಾಡುತ್ತದೆ. ಹಳೆಯ ಚರ್ಮದ್ದು ಚಂದ. ಆದರೆ ಬೆವರು ಕುಡಿದು ಮೆತ್ತಗಾದ ಅದರ ಅಂಚು ಒಂದು ದಿನ ಒಳಕ್ಕೆ ಮಡಚಿಕೊಂಡು ಟ್ರಿಗರಿಗೆ ಬೆರಳಾಗುತ್ತದೆ.

*

ಎಳೆಯುವಾಗ ಮಿಂಚು, ಇಡುವಾಗ ಆಮೆ. ಒರೆಗೆ ಬೇಗ ಸೇರಿಸಿದ್ದಕ್ಕೆ ಯಾರಿಗೂ ಬಹುಮಾನ ಬಂದಿಲ್ಲ. ಜಾಕೆಟ್ಟಿನ ಸೊಂಟದಿಂದ ಇಳಿಬಿದ್ದ ಎಳೆದಾರವೊಂದು ಟ್ರಿಗರಿನ ಬಳೆಯೊಳಗೆ ನುಸುಳಿ, ಪಿಸ್ತೂಲು ಒಳಗಿಳಿದಂತೆ ತಾನು ಬಿಗಿಯಾಗುತ್ತದೆ. ದಾರದ ತುದಿಯ ಆ ಪುಟ್ಟ ಪ್ಲಾಸ್ಟಿಕ್ ಗುಬ್ಬಿ, ಕಡಲೆಕಾಳಿನಷ್ಟು, ತೊಡೆಯ ರಕ್ತನಾಳ ಹರಿಯಲು ಸಾಕು. ನಾನು ಚಳಿಗಾಲದ ಜಾಕೆಟ್ಟುಗಳ ದಾರಗಳನ್ನೆಲ್ಲ ಕತ್ತರಿಸಿಹಾಕಿದ್ದೇನೆ. ಯಾಕೆಂದು ಮಗಳು ಕೇಳಿದಾಗ, ವಾಷಿಂಗ್ ಮಷೀನಿನಲ್ಲಿ ಸಿಕ್ಕಿಕೊಳ್ಳುತ್ತವೆ ಎಂದೆ.

*

ಕೈಯಿಂದ ಜಾರಿದ ಲೋಟವನ್ನು ಹಿಡಿಯಬೇಕು, ಜಾರಿದ ಮಗುವನ್ನು ಹಿಡಿಯಲೇಬೇಕು. ಜಾರಿದ ಪಿಸ್ತೂಲನ್ನು ಬಿಟ್ಟುಬಿಡಬೇಕು. ಬಿದ್ದರೆ ಸಿಡಿಯದಂತೆ ಈಗಿನ ಬಹುತೇಕ ಪಿಸ್ತೂಲುಗಳೊಳಗೆ ಏರ್ಪಾಡು ಇರುತ್ತದೆ. ತಡಕಾಡುವ ಬೆರಳಿಗೆ ಸಿಕ್ಕರೆ ಸಿಡಿಯದಂತೆ ಮಾಡುವ ಏರ್ಪಾಡು ಯಾರ ಬಳಿಯೂ ಇಲ್ಲ.

*

ಮೊದಲು ಮ್ಯಾಗಜಿನ್ ತೆಗೆ, ಆಮೇಲೆ ಸ್ಲೈಡ್ ಎಳೆ. ಎಲ್ಲರಿಗೂ ಗೊತ್ತು. ಒಂದು ಭಾನುವಾರ ಗ್ಯಾರೇಜಿನಲ್ಲಿ ಫೋನಿನಲ್ಲಿ ಮಾತಾಡುತ್ತಲೇ ನಾನು ಮೊದಲು ಸ್ಲೈಡ್ ಎಳೆದೆ. ತೋಟೆಯೊಂದು ಹಾರಿ ನೆಲಕ್ಕೆ ಬಿತ್ತು. ಹಿತ್ತಾಳೆ ಕಾಂಕ್ರೀಟಿನ ಮೇಲೆ ಟಣ್ಣೆಂದಿತು. ಮ್ಯಾಗಜಿನ್ ತೆಗೆದು ಬೆಂಚಿನ ಮೇಲಿಟ್ಟೆ. ಖಾಲಿಯಾಯಿತು ಎಂದು ಮನಸ್ಸು ಹೇಳಿತು, ಎರಡೂ ಕೆಲಸ ಆಗಿತ್ತಲ್ಲ. ಆದರೆ ಎಳೆದ ಸ್ಲೈಡ್ ವಾಪಸು ಬರುವಾಗ ಮ್ಯಾಗಜಿನ್ನಿನಿಂದ ಇನ್ನೊಂದನ್ನು ನಳಿಗೆಯ ಬುಡಕ್ಕೆ ದೂಡಿಕೊಂಡೇ ಬಂದಿತ್ತು. ಅಭ್ಯಾಸಬಲದಿಂದ ಸ್ಲೈಡನ್ನು ಚೂರು ಹಿಂದೆ ಸರಿಸಿ ಕಿರುಬೆರಳು ಹಾಕಿ ನೋಡಿದೆ. ತಣ್ಣಗೆ, ದುಂಡಗೆ, ಅಲ್ಲೇ ಕೂತಿತ್ತು. ಫೋನಿನಲ್ಲಿ ಅಣ್ಣ ಕೇಳುತ್ತಿದ್ದ: ಯಾಕೋ, ಸುಮ್ಮನಾದೆ?

*

ಬೆರಳು ತಪ್ಪಿದರೂ ನಳಿಗೆ ತಪ್ಪಬಾರದು. ನಳಿಗೆ ತಪ್ಪಿದರೂ ಬೆರಳು ತಪ್ಪಬಾರದು. ಜೆಫ್ ಕೂಪರ್ ಹೆಸರಿನಲ್ಲಿ ಓಡಾಡುವ ಬಂದೂಕು ಸುರಕ್ಷತೆಯ ನಾಲ್ಕು ನಿಯಮಗಳು ಒಂದರ ಬೆನ್ನಿಗೆ ಒಂದು ನಿಂತಿರುವುದು ಹೀಗೆ. ಮನುಷ್ಯ ದಿನಕ್ಕೊಂದು ತಪ್ಪು ಮಾಡುತ್ತಾನೆಂದು ಆ ನಿವೃತ್ತ ಸೈನಿಕನಿಗೆ ಗೊತ್ತಿತ್ತು, ಒಂದೇ ಗಳಿಗೆಯಲ್ಲಿ ಎರಡು ಮಾಡದಿದ್ದರೆ ಸಾಕು.

*

ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟೆಯನ್ನು ಮತ್ತೆ ತುಂಬುವವರಿದ್ದಾರೆ. ನಳಿಗೆಯ ಬುಡಕ್ಕೆ ದಿನವೂ ತಲೆ ಕುಟ್ಟಿಸಿಕೊಂಡ ಗುಂಡು ಕೋಶದೊಳಕ್ಕೆ ಕೂದಲೆಳೆಯಷ್ಟು ಇಳಿಯುತ್ತ ಹೋಗುತ್ತದೆ. ಒಳಗೆ ಜಾಗ ಕುಗ್ಗಿದರೆ ಒತ್ತಡ ಏರುತ್ತದೆ. ಹೊಸದೊಂದನ್ನು ಪಕ್ಕದಲ್ಲಿ ನಿಲ್ಲಿಸಿ ಎತ್ತರ ನೋಡಬೇಕು, ಮಕ್ಕಳನ್ನು ಗೋಡೆಗೆ ನಿಲ್ಲಿಸಿ ನೋಡುವ ಹಾಗೆ. ಇಲ್ಲಿ ಕುಳ್ಳಾದವನನ್ನು ಎಸೆಯಬೇಕು.

*

ಆಗಸ್ಟಿನ ಡಲ್ಲಾಸ್. ನೆರಳಿನಲ್ಲೂ ನಲವತ್ತು ಡಿಗ್ರಿ. ಎಲ್ಲರೂ ತೆಳು ಬನೀನಿನಲ್ಲಿ, ನಾನೊಬ್ಬ ಎರಡಂಗಿ ತೊಟ್ಟು ಬೆವರುತ್ತ. ಬಚ್ಚಿಟ್ಟುಕೊಂಡವನನ್ನು ಪತ್ತೆ ಹಚ್ಚಲು ಪೊಲೀಸರು ಬೇಕಿಲ್ಲ, ಸೆಕೆ ಸಾಕು.

*

ಪಂಚೆಯಲ್ಲಿ ಪಿಸ್ತೂಲು ನಿಲ್ಲುವುದಿಲ್ಲ. ಯುಗಾದಿಯಂದು ಇದನ್ನು ಕಂಡುಕೊಂಡ ದಿನವೇ, ವರ್ಷಕ್ಕೆ ನಾಲ್ಕು ದಿನವಾದರೂ ಪಂಚೆ ಉಡಬೇಕೆಂದು ನಿಶ್ಚಯಿಸಿದೆ.

*

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ತುಂಬಿದ, ಕಾನೂನು ತಡೆಯದ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಅದಕ್ಕೂ ಮುಂಚೆ ನಾನು ಪಾಸಾದ ಪರೀಕ್ಷೆ ದೊಡ್ಡದೇನಲ್ಲ: 3, 7, 15 ಗಜಗಳಿಂದ 50 ಗುಂಡು, 250ಕ್ಕೆ 175 ಬಂದರೆ ಸಾಕು. ಆದರೂ ಆ ದಿನ ಒಬ್ಬಳು ಮೇಷ್ಟ್ರಮ್ಮ ಎದುರು ನಿಂತು, ಎಲ್ಲಿ ಒಯ್ಯಬಾರದು, ಯಾವಾಗ ಎತ್ತಬಾರದು ಎಂದು ನಾಲ್ಕು ಗಂಟೆ ಹೇಳಿದ್ದಳು. ಕಾನೂನು ಕಿತ್ತುಹಾಕಿದ್ದು ಆ ನಾಲ್ಕು ಗಂಟೆಯನ್ನು.

*

ಬಾಗಿಲ ಬರಹ ಓದುವ ಅಭ್ಯಾಸ ಪಿಸ್ತೂಲಿನಿಂದ ಬಂತು. 30.06 ಎಂಬ ಅಂಕೆ, ಇಂಗ್ಲಿಷು ಸ್ಪ್ಯಾನಿಷು ಎರಡರಲ್ಲೂ ಅಂಗುಲದೆತ್ತರದ ಅಕ್ಷರ. ಲೈಸೆನ್ಸ್ ಇದ್ದವನೂ ಬಚ್ಚಿಟ್ಟುಕೊಂಡು ಒಳಗೆ ಬರಬೇಡ ಎಂದರ್ಥ. ಬಾರಿನಲ್ಲಿ ಕೆಂಪು 51 ಇದ್ದರೆ ಅಲ್ಲೂ ಇಲ್ಲ. ಅಂಚೆ ಕಚೇರಿಯಲ್ಲಿ ಇಲ್ಲ. ನಾವು ಹೋಗುವ ದೇವಸ್ಥಾನವೂ ಫಲಕ ಹಾಕಿದೆ. ಚಪ್ಪಲಿ ಮೆಟ್ಟಿಲ ಬಳಿ, ಪಿಸ್ತೂಲು ಕಾರಿನ ಸೀಟಿನಡಿ ಸರಪಳಿ ಬಿಗಿದ ಪೆಟ್ಟಿಗೆಯಲ್ಲಿ. ಮೊದಲೆಲ್ಲ ಕಣ್ಣು ಮುಚ್ಚಿದರೆ ಚಪ್ಪಲಿಯ ಚಿಂತೆ ಬರುತ್ತಿತ್ತು.

*

ಸೊಂಟದಲ್ಲಿ ಪಿಸ್ತೂಲಿದ್ದವನಿಗೆ ಹಾರ್ನ್ ಹೊಡೆಯುವ ಹಕ್ಕೂ ಇಲ್ಲ.

*

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಂಡು ಹೋಗುವುದಿಲ್ಲ, ಕೋರ್ಟಿಗೆ ಬರುತ್ತದೆ, ಕನಸಿಗೆ ಬರುತ್ತದೆ, ಗೋಡೆಯಾಚೆಯ ಮನೆಯ ಲೆಕ್ಕಕ್ಕೂ ಬರುತ್ತದೆ.

*

ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲರ್ 1983ರಲ್ಲಿ ಬರೆದ ಲೆಕ್ಕ: ಚಾಕು ಹಿಡಿದವನು 21 ಅಡಿಯನ್ನು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಗಿಸುತ್ತಾನೆ. ಪಿಸ್ತೂಲು ಎಳೆದು ಹೊಡೆಯಲು ಪಳಗಿದವನಿಗೂ ಅಷ್ಟೇ ಹೊತ್ತು ಬೇಕು. ಇದನ್ನು ಓದಿದವರು ಬೇಗ ಎಳೆಯುವುದನ್ನು ಕಲಿಯಲು ಹೊರಡುತ್ತಾರೆ. ನಾನು ಟೇಪು ಹಿಡಿದು ನಮ್ಮ ಹಜಾರ ಅಳೆದೆ. 18 ಅಡಿ. ಬಾಗಿಲಿಗೆ ಇನ್ನೊಂದು ಗಟ್ಟಿ ಚಿಲಕ ಹಾಕಿಸಿದೆ.

*

ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗಿನ ಮೇಲೆ, ಕಿಟಕಿ ಕೆಳಗೆ, ಒಳದೀಪ ಉರಿಯಬೇಕು. ಪಿಸ್ತೂಲು ಇದೆ ಎಂದು ನೆಟ್ಟಗೆ ಹೇಳಬೇಕು, ಕೈ ಅತ್ತ ಹೋಗಬಾರದು. 2016ರ ಜುಲೈ 6ರಂದು ಮಿನ್ನೆಸೋಟದಲ್ಲಿ ಫಿಲ್ಯಾಂಡೋ ಕ್ಯಾಸ್ಟೀಲ್ ತನ್ನ ಬಳಿ ಬಂದೂಕು ಇದೆಯೆಂದು ಮರ್ಯಾದೆಯಿಂದಲೇ ಹೇಳಿದ್ದ. ಪರ್ಮಿಟ್ಟೂ ಇತ್ತು. ಕಪ್ಪು ಮನುಷ್ಯ, ಗುಂಡೇಟಿಗೆ ಸತ್ತ. ಹೊಡೆದ ಅಧಿಕಾರಿ ಮರುವರ್ಷ ನಿರ್ದೋಷಿಯಾದ. ನನ್ನ ಮೈಬಣ್ಣ ರಾತ್ರಿಯ ಟಾರ್ಚಿನ ಬೆಳಕಿನಲ್ಲಿ ಎಷ್ಟು ಕಪ್ಪಾಗಿ ಕಾಣುತ್ತದೆ ಎಂದು ಕನ್ನಡಿಯೆದುರು ನಿಂತು ನೋಡಿದ್ದೇನೆ. ಇದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ.

*

2021ರಲ್ಲಿ ಅಮೆರಿಕದಲ್ಲಿ ಬಂದೂಕಿಗೆ ಸತ್ತವರು 48,830. ಅರ್ಧಕ್ಕೂ ಹೆಚ್ಚು ಜನ ತಮ್ಮನ್ನು ತಾವೇ ಹೊಡೆದುಕೊಂಡವರು. ಕಳ್ಳನಿಗೆಂದು ಕೊಂಡದ್ದು ಹೆಚ್ಚು ಸಲ ತಿರುಗುವುದು ಕೊಂಡವನ ಕಡೆಗೇ. ಕೆಲಸ ಹೋದ ವರ್ಷ ಗೆಳೆಯನೊಬ್ಬ ತನ್ನ ಪೆಟ್ಟಿಗೆಯನ್ನು ತಂದು ನನ್ನ ಮನೆಯಲ್ಲಿಟ್ಟ. ಯಾಕೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕಾಫಿ ಕುಡಿದೆವು. ಏಳು ತಿಂಗಳಾದ ಮೇಲೆ ಬಂದು ತೆಗೆದುಕೊಂಡು ಹೋದ. ಆ ಏಳು ತಿಂಗಳು ನಾನು ಮಾಡಿದ ಮೈಗಾವಲಿಗೆ ಸಮನಾದದ್ದನ್ನು ನನ್ನ ಪಿಸ್ತೂಲು ಇಷ್ಟು ವರ್ಷದಲ್ಲಿ ಮಾಡಿಲ್ಲ.

*

ಒಂಬತ್ತು ಎಂಎಂ ಗುಂಡು ಸಾಕೋ, .45 ಕ್ಯಾಲಿಬರ್ ಬೇಕೋ ಎಂದು ಗಂಟೆಗಟ್ಟಲೆ ಜಗಳಾಡುತ್ತಾರೆ. ನಡುರಾತ್ರಿ ಎದುರಿಗಿರುವುದು ಕಳ್ಳನೋ ಮಗನೋ ಎಂಬುದು ಬ್ಯಾಟರಿ ಬೆಳಕಿನಿಂದ ತೀರ್ಮಾನವಾಗುತ್ತದೆ. ಒಳ್ಳೆಯ ಟಾರ್ಚು ಕೊಳ್ಳಿ.

*

ಊರಿಗೆ ಹೊರಡುವ ಹಿಂದಿನ ರಾತ್ರಿ. ಸೂಟ್‌ಕೇಸುಗಳಲ್ಲಿ ಚಾಕಲೇಟು, ವಿಟಮಿನ್ ಡಬ್ಬಿ, ಅಣ್ಣನ ಮಗನಿಗೆ ಷೂ. ಪಿಸ್ತೂಲು ಪೆಟ್ಟಿಗೆಯಲ್ಲಿ ಭದ್ರ. ಆದರೆ ಈ ಕೈಚೀಲವನ್ನೇ ಎರಡು ವರ್ಷದ ಹಿಂದೆ ಒಮ್ಮೆ ಶೂಟಿಂಗ್ ರೇಂಜಿಗೆ ಒಯ್ದಿದ್ದೆ. ಒಂದೇ ಒಂದು ತೋಟೆ ಮೂಲೆಯಲ್ಲಿ ಉಳಿದಿದ್ದರೂ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. ಎಲ್ಲ ಜೇಬೂ ತಿರುವಿದೆ. ಚೀಲ ಕೊಡವಿದೆ. ಮತ್ತೆ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ, ಒಳಬಟ್ಟೆಯ ಹೊಲಿಗೆಯಗುಂಟ ಬೆರಳು ಒತ್ತಿಕೊಂಡು ಹೋದೆ. ಹೊಲಿಗೆ ಬಿಟ್ಟ ಕಡೆ ಏನೋ ಗಟ್ಟಿ ಸಿಕ್ಕಿತು. ಅಮ್ಮ ಹೋದ ಸಲ ಕಣ್ತಪ್ಪಿಸಿ ಹಾಕಿದ ಅಡಿಕೆ ಚೂರು.